ನಮ್ಮ ಹೆಸರನ್ನು ನಾವು ಹೇಳಿದಂತೆ ಬರೆದುಕೊಳ್ಳಿ

ಜನನ ನೋಂದಣಿ, ಶಾಲಾ ದಾಖಲಾತಿ, ಪಡಿತರ ಚೀಟಿ, ಪಿಂಚಣಿ, ಪಹಣಿ ಎಂದು ಜನರ ಹೆಸರು ಬರೆದುಕೊಳ್ಳುವ ಎಲ್ಲ ಕಚೇರಿಗಳ ಅಧಿಕಾರಿಗಳಿಗೆ, ಹಾಗೂ ಅವರ ಕೈಗೆ ಅರ್ಜಿ ನಮೂನೆಗಳನ್ನು ಸಿದ್ಧಪಡಿಸಿ ಕೊಡುವ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತಳಾದವಳು. ವರ್ಷವರ್ಷವೂ ದಾಖಲಾತಿ ಪುಸ್ತಕ ತೆರೆದು, ಒಂದನೆಯ ತರಗತಿಗೆ ಸೇರುವ ಮಕ್ಕಳ ಹೆಸರು ಬರೆದುಕೊಂಡ ಕೈ ಇದು. ಆ ಕಾರಣಕ್ಕೇ ಈ ಪತ್ರ ಬರೆಯುವ ಹಕ್ಕೂ ಹೊಣೆಯೂ ನನಗಿದೆ ಎಂದು ತಿಳಿದಿದ್ದೇನೆ.

ನಮ್ಮ ಓಣಿಯ ಹಿರಿಯಳೊಬ್ಬಳ ವಿಧವಾ ವೇತನ ನಾಲ್ಕು ತಿಂಗಳಿಂದ ನಿಂತಿತ್ತು. ಆಕೆಗೆ ಓದು ಬಾರದು. ಕಳೆದ ತಿಂಗಳು ಆಕೆಯ ಜೊತೆ ನಾನೂ ಕಚೇರಿಗೆ ಹೋದೆ. ಆಕೆಯ ಹೆಸರು ಕಾಳವ್ವ. ಹೊಲದ ಹಳೆಯ ಕಾಗದದಲ್ಲಿ ಹಾಗೆಯೇ ಇದೆ. ಗುರುತಿನ ಚೀಟಿಯಲ್ಲಿ ‘ಕಲವ್ವ’ ಎಂದಾಗಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಕಲಾವತಿ’ ಎಂದಿದೆ. ಮೂರನ್ನೂ ಮುಂದಿಟ್ಟುಕೊಂಡ ಸಿಬ್ಬಂದಿ, “ಅಜ್ಜಿ, ಇದರಲ್ಲಿ ನಿನ್ನ ನಿಜವಾದ ಹೆಸರು ಯಾವುದು?” ಎಂದು ಕೇಳಿದರು. ಆಕೆ ಹೇಳಿದಳು. “ಕಂಪ್ಯೂಟರಿನಲ್ಲಿ ಹಾಗಿಲ್ಲವಲ್ಲ” ಎಂದರು. ಎಪ್ಪತ್ತು ದಾಟಿದ ಹೆಂಗಸು ತನ್ನ ಹೆಸರು ತನ್ನದೇ ಎಂದು ಸಾಬೀತು ಮಾಡಲು ನೋಟರಿಯ ಬಳಿ ಹೋಗಿ ಅಫಿಡವಿಟ್ ಮಾಡಿಸಿ ತರಬೇಕು ಎಂಬಲ್ಲಿಗೆ ಅಂದಿನ ಮಾತು ಮುಗಿಯಿತು.

ಇದು ಆ ಸಿಬ್ಬಂದಿಯೊಬ್ಬರ ತಪ್ಪು ಎಂದು ನಾನು ಹೇಳುತ್ತಿಲ್ಲ. ಅವರು ಒರಟಾಗಿಯೂ ಮಾತಾಡಲಿಲ್ಲ, ಆಕೆಗೆ ಕುರ್ಚಿ ಕೊಟ್ಟು ಕೂರಿಸಿದರು. ತಪ್ಪು ಬೇರೆಡೆ ಇದೆ. ಕಾಳವ್ವ ಎಂಬ ಹೆಸರನ್ನು ಯಾರೋ ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದಿದ್ದಾರೆ. ಆ ಲಿಪಿಯಲ್ಲಿ ನಾವು ಬರೆಯುವ ರೂಢಿಗೆ ಕ ಮತ್ತು ಕಾ ಒಂದೇ, ಲ ಮತ್ತು ಳ ಒಂದೇ, ನ ಮತ್ತು ಣ ಒಂದೇ. ಆಮೇಲೆ ಆ ಇಂಗ್ಲಿಷ್ ಹೆಸರನ್ನು ತಂತ್ರಾಂಶ ಮತ್ತೆ ಕನ್ನಡಕ್ಕೆ ತಂದಿದೆ. ದೀರ್ಘ ಹೋಯಿತು, ಳಕಾರ ಹೋಯಿತು, ಉಳಿದದ್ದು ಕಲವ್ವ. ಕನ್ನಡದ ಹೆಂಗಸಿನ ಕನ್ನಡದ ಹೆಸರು ಕನ್ನಡ ನಾಡಿನ ಕಚೇರಿಯಲ್ಲಿ ಇಂಗ್ಲಿಷಿನ ದಾರಿ ಹಿಡಿದು ಬಂದು ಗುರುತು ಸಿಗದಂತಾಯಿತು. ಬ್ಯಾಂಕಿನಲ್ಲಿ ಬರೆದವರಿಗೆ ಕಲವ್ವ ಎಂಬುದು ಅರ್ಥವಿಲ್ಲದ್ದಾಗಿ ಕಂಡಿರಬೇಕು, ತಿದ್ದಿ ಕಲಾವತಿ ಮಾಡಿದರು. ಸಿರಸಂಗಿಯ ಕಾಳಮ್ಮನಿಗೆ ಹರಕೆ ಹೊತ್ತು ಹಡೆದ ಮಗಳಿಗೆ ತಾಯಿ ಇಟ್ಟ ಹೆಸರು ಅದು. ಹೀಗೆ ಎರಡು ಸಲ ಕೈ ಬದಲಾಗುವಷ್ಟರಲ್ಲಿ ಆ ದೇವಿಯೂ ಇಲ್ಲ, ಹರಕೆಯೂ ಇಲ್ಲ.

ತಿದ್ದುವ ಈ ಚಾಳಿಯ ಬಗ್ಗೆ ನಾನು ಬಲ್ಲೆ, ಏಕೆಂದರೆ ನಾನೂ ತಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಯಮನೂರವ್ವ ಎಂಬ ಹೆಸರಿನ ಮಗುವನ್ನು ಅದರ ಅಜ್ಜಿ ಕರೆತಂದಳು. ಆಗಷ್ಟೇ ತರಬೇತಿ ಮುಗಿಸಿದ ನನಗೆ ಆ ಹೆಸರು ಹಳ್ಳಿಗಾಡಿನದು ಎನಿಸಿತು. ‘ಯಮ’ ಎಂಬ ಎರಡಕ್ಷರವೂ ಚೆನ್ನಾಗಿ ಕೇಳಲಿಲ್ಲ. “ಯಮುನಾ ಎಂದು ಬರೆಯುತ್ತೇನೆ, ಚೆಂದ ಇರುತ್ತದೆ” ಎಂದೆ. “ನೀವು ಹೇಳಿದಂತೆ ಆಗಲಿ ಅಕ್ಕೋರೆ” ಎಂದಳು ಅಜ್ಜಿ. ಶಾಲೆಯವರ ಮಾತಿಗೆ ಎದುರಾಡುವ ಧೈರ್ಯ ಆಕೆಗೆ ಎಲ್ಲಿಂದ ಬರಬೇಕು? ನವಲಗುಂದದ ಹತ್ತಿರದ ಯಮನೂರಿನಲ್ಲಿ ರಾಜಾಬಾಗ್ ಸವಾರರ ದರ್ಗಾ ಇದೆ. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನಡೆದುಕೊಳ್ಳುವ ಜಾಗ ಅದು. ಅಲ್ಲಿಗೆ ಹರಕೆ ಹೊತ್ತವರು ಮಕ್ಕಳಿಗೆ ಯಮನೂರಪ್ಪ, ಯಮನೂರವ್ವ ಎಂದು ಹೆಸರಿಡುತ್ತಾರೆ. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಎರಡು ಧರ್ಮಗಳ ಜನ ಒಂದೇ ಗದ್ದುಗೆಗೆ ತಲೆಬಾಗಿದ ಕಥೆಯನ್ನು ಒಂದು ಹೆಣ್ಣುಮಗು ತನ್ನ ಹೆಸರಿನಲ್ಲಿ ಹೊತ್ತು ನನ್ನ ಮೇಜಿನ ಮುಂದೆ ನಿಂತಿತ್ತು. ನಾನು ಅದನ್ನು ಅಳಿಸಿ ಎಂದೂ ನೋಡದ ಒಂದು ನದಿಯ ಹೆಸರು ಬರೆದೆ. ಆ ಹುಡುಗಿಯ ಅಂಕಪಟ್ಟಿಗಳಲ್ಲಿ ಇಂದಿಗೂ ನಾನು ಕೊಟ್ಟ ಹೆಸರೇ ಇದೆ. ಮನೆಯಲ್ಲಿ ಮಾತ್ರ ಅವಳು ಯಮನೂರವ್ವ.

ಆ ತಪ್ಪು ಅರಿವಾದ ಮೇಲೆ ಹೆಸರುಗಳನ್ನು ಕಿವಿಗೊಟ್ಟು ಕೇಳತೊಡಗಿದೆ. ನಮ್ಮ ಕಡೆಯ ಹಾಜರಿ ಪುಸ್ತಕ ಒಂದು ಭೂಪಟ. ಗವಿಸಿದ್ದಪ್ಪ ಎಂದರೆ ಕೊಪ್ಪಳದ ಗವಿಮಠ, ಹುಲಿಗೆಮ್ಮ ಎಂದರೆ ತುಂಗಭದ್ರೆಯ ದಡದ ಹುಲಿಗಿ, ಪಂಪಾಪತಿ ಎಂದರೆ ಹಂಪಿ, ಕೊಟ್ರೇಶ ಎಂದರೆ ಕೊಟ್ಟೂರು, ಶರಣಬಸಪ್ಪ ಎಂದರೆ ಕಲಬುರಗಿ, ಯಲ್ಲವ್ವ ಎಂದರೆ ಸವದತ್ತಿಯ ಗುಡ್ಡ. ದಕ್ಷಿಣಕ್ಕೆ ಹೋದರೆ ನಂಜುಂಡ ನಂಜನಗೂಡಿನವನು, ಮಾದೇಶ ಮಲೆ ಮಹದೇಶ್ವರ ಬೆಟ್ಟದವನು, ಚೆಲುವಮ್ಮ ಮೇಲುಕೋಟೆಯ ಕಡೆಯವಳು. ಶಿರಹಟ್ಟಿಯ ಫಕೀರೇಶ್ವರ ಮಠದ ಭಕ್ತರ ಮನೆಯಲ್ಲಿ ಫಕ್ಕೀರಪ್ಪ, ಫಕ್ಕೀರವ್ವ ಇರುತ್ತಾರೆ, ಅವರು ಮುಸ್ಲಿಮರೇ ಆಗಿರಬೇಕಿಲ್ಲ. ಮಗುವಿನ ಹೆಸರು ಕೇಳಿದರೆ ಅದರ ಮನೆಯವರು ಯಾವ ಜಾತ್ರೆಗೆ ಬಂಡಿ ಕಟ್ಟುತ್ತಾರೆ ಎಂದು ಹೇಳಬಹುದಿತ್ತು.

ಇನ್ನು ತಿಪ್ಪಣ್ಣ, ಕಲ್ಲಪ್ಪ, ಗುಂಡಪ್ಪ, ಹುಚ್ಚಪ್ಪ, ಅಡಿವೆಪ್ಪ. ಇವು ನಗುವ ಹೆಸರುಗಳಲ್ಲ. ಹುಟ್ಟಿದ ಮಕ್ಕಳು ಒಂದೊಂದಾಗಿ ತೀರಿಕೊಂಡ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ ಎಂದು ಕರೆದರು. ಸಾವಿನ ಕಣ್ಣಿಗೆ ಇದು ಬೇಡದ ವಸ್ತುವಾಗಿ ಕಾಣಲಿ, ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂಬ ಆಸೆ. ಔಷಧಿ ಇಲ್ಲದ ಕಾಲದಲ್ಲಿ ತಾಯಿಯ ಕೈಯಲ್ಲಿದ್ದ ಒಂದೇ ರಕ್ಷೆ ಆ ಹೆಸರು. ಕಚೇರಿಯ ಸಾಲಿನಲ್ಲಿ ಇಂಥ ಹೆಸರನ್ನು ಕೂಗುವಾಗ ಸಿಬ್ಬಂದಿಯ ತುಟಿಯಲ್ಲಿ ನಗು ಮೂಡಿದ್ದನ್ನು ನಾನು ಹಲವು ಸಲ ನೋಡಿದ್ದೇನೆ. ದಯವಿಟ್ಟು ನಗಬೇಡಿ.

ನಮ್ಮ ಹೆಸರುಗಳ ಕೊನೆಯಲ್ಲಿ ಬರುವ ಅಪ್ಪ, ಅವ್ವ, ಅಣ್ಣ, ಅಕ್ಕ, ಅಯ್ಯ ಎಲ್ಲವೂ ಸಂಬಂಧದ ಮಾತುಗಳೇ. ತೊಟ್ಟಿಲ ಕೂಸನ್ನೂ ನಾವು ಅಪ್ಪ ಎಂದೇ ಕರೆಯುತ್ತೇವೆ. ಬಸವಣ್ಣನವರ ಹೆಸರಿನಲ್ಲಿರುವ ಬಸವ ಎಂಬುದು ವೃಷಭದ ತದ್ಭವ, ಅದಕ್ಕೆ ಜನ ಅಣ್ಣ ಸೇರಿಸಿಕೊಂಡರು. ರನ್ನ ಎಂದರೆ ರತ್ನ. ಸಂಸ್ಕೃತದ ಮಾತನ್ನು ಕನ್ನಡದ ಬಾಯಿಗೆ ಒಗ್ಗಿಸಿಕೊಂಡು ಇಟ್ಟ ಹೆಸರುಗಳಿವು. ಬಸವ, ರನ್ನ ಎಂದು ಹಿಗ್ಗಿನಿಂದ ಹೇಳುವ ನಾವೇ ಲಕ್ಕವ್ವನನ್ನು ಲಕ್ಷ್ಮಿ ಎಂದು, ಈರಪ್ಪನನ್ನು ವೀರಪ್ಪ ಎಂದು ‘ಶುದ್ಧ’ ಮಾಡಲು ಹೋಗುವುದು ಯಾವ ನ್ಯಾಯ? ಲಕ್ಕವ್ವ ಎಂಬುದು ತಪ್ಪು ಕಾಗುಣಿತವಲ್ಲ, ಅದು ಪೂರ್ತಿ ಹೆಸರು.

ಈಗ ನಮೂನೆಗಳ ವಿಷಯಕ್ಕೆ ಬರುತ್ತೇನೆ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಮೂರು ಕಾಲಂ ಇರುತ್ತವೆ. ಕೊನೆಯದು ತುಂಬದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಈ ಮೂರು ಕಾಲಂ ಯಾರ ಹೆಸರಿನ ಅಳತೆಗೆ ಹೊಲಿದ ಅಂಗಿ? ಉತ್ತರ ಕರ್ನಾಟಕದ ನಮಗೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಉಂಟು. ಬೆಲ್ಲದ, ಮೆಣಸಿನಕಾಯಿ, ಅಂಗಡಿ, ಹುಣಸಿಮರದ, ಹೊಸಮನಿ, ಬಡಿಗೇರ, ನದಾಫ. ಮನೆತನದವರು ಮಾರಿದ ಸರಕು, ಮನೆಯ ಮುಂದಿದ್ದ ಮರ, ಮಾಡಿದ ಕಸುಬು. ಹಾಗಾಗಿ ನಾವು ಹೇಗೋ ಆ ಕಾಲಂ ತುಂಬಿಬಿಡುತ್ತೇವೆ. ಹಳೆಯ ಮೈಸೂರಿನ ಕಡೆಯವರ ಗತಿ ಏನು? ಅಲ್ಲಿ ಎಷ್ಟೋ ಜನರಿಗೆ ಊರು, ತಂದೆ, ತಾನು, ಈ ಕ್ರಮದಲ್ಲಿ ಹೆಸರು ನಡೆಯುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರಲ್ಲಿ ಪುಟ್ಟಪ್ಪ ಎಂಬುದೇ ಆ ಮನುಷ್ಯನ ಹೆಸರು, ಮನೆತನದ ಹೆಸರಲ್ಲ. ಮಗನ ಕಾಲಕ್ಕೆ ಅದು ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಆಯಿತು. ಊರಿನ ‘ಕೆ’ ನಿಂತಿತು, ಅಜ್ಜನ ‘ವಿ’ ಜಾರಿ ಅಪ್ಪನ ‘ಪಿ’ ಬಂದು ಕೂತಿತು. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಎಂಬುದೂ ಇದೇ ಕಟ್ಟು. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಎಲ್ಲಕ್ಕಿಂತ ಮುಂದೆ ಬರುತ್ತದೆ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು ಕೊಡಂದೇರ ಮಾದಪ್ಪ ಕಾರ್ಯಪ್ಪ, ಅವರ ಮನೆತನ ಕೊಡಂದೇರ. ನಮೂನೆಯ ‘ಕೊನೆಯ ಹೆಸರು’ ಎಂಬ ಕಾಲಂ ಇವರ ಸ್ವಂತ ಹೆಸರುಗಳನ್ನೇ ಮನೆತನ ಮಾಡಿಬಿಡುತ್ತದೆ.

ಅಡ್ಡಹೆಸರು ಎಂಬುದು ಮನುಷ್ಯನಿಗೆ ಹುಟ್ಟಿನಿಂದಲೇ ಅಂಟಿದ ಅಂಗವೆಂದು ಭಾವಿಸಿದವರು ಒಮ್ಮೆ ಫಿಲಿಪ್ಪೀನ್ಸ್ ಕಡೆ ನೋಡಬೇಕು. ಸ್ಪೇನಿನವರು ಆಳುತ್ತಿದ್ದಾಗ, 1849ರಲ್ಲಿ, ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಎಂಬಾತ ಒಂದು ಆಜ್ಞೆ ಹೊರಡಿಸಿದ. ತೆರಿಗೆ ವಸೂಲಿಗೂ ಜನಗಣತಿಗೂ ಅಲ್ಲಿಯವರ ಹೆಸರುಗಳು ಗೊಂದಲ ಉಂಟುಮಾಡುತ್ತವೆ ಎಂಬುದು ಅವನ ದೂರು. ಸಾವಿರಾರು ಅಡ್ಡಹೆಸರುಗಳ ಒಂದು ಪಟ್ಟಿಯನ್ನೇ ಅಚ್ಚು ಹಾಕಿಸಿ ಊರೂರಿಗೆ ಹಾಳೆ ಹಂಚಿದರು. ಯಾವ ಊರಿಗೆ ಯಾವ ಹಾಳೆ ಹೋಯಿತೋ ಆ ಊರಿನವರು ಅದರಲ್ಲಿದ್ದದ್ದನ್ನೇ ಆರಿಸಿಕೊಳ್ಳಬೇಕು. ಆಲ್ಬಾಯ್ ಪ್ರಾಂತದ ಕೆಲವು ಊರುಗಳಲ್ಲಿ ಹೆಚ್ಚಿನ ಮನೆತನಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗುವುದು ಅದರ ಫಲ. ಅಡ್ಡಹೆಸರು ಕಡ್ಡಾಯವಾದದ್ದು ಜಪಾನಿನಲ್ಲಿ 1875ರಲ್ಲಿ, ತುರ್ಕಿಯಲ್ಲಿ 1934ರ ಕಾನೂನಿನಿಂದ. ಎಲ್ಲ ಕಡೆಯೂ ಅದನ್ನು ಬೇಡಿದ್ದು ಸರ್ಕಾರದ ಲೆಕ್ಕದ ಪುಸ್ತಕ.

ಬೇಡದೆಯೂ ಆಡಳಿತ ನಡೆಯುತ್ತದೆ ಎನ್ನುವುದಕ್ಕೆ ಐಸ್‌ಲ್ಯಾಂಡ್ ಸಾಕ್ಷಿ. ಅಲ್ಲಿ ಬಹುಪಾಲು ಜನರಿಗೆ ಮನೆತನದ ಹೆಸರಿಲ್ಲ. 1980ರಲ್ಲಿ ಆ ದೇಶದ ಅಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ದಿಸ್ ಫಿನ್‌ಬೋಗಾಡೋಟಿರ್ ಅವರ ಎರಡನೆಯ ಹೆಸರಿನ ಅರ್ಥ ಫಿನ್‌ಬೋಗಿಯ ಮಗಳು ಎಂದಷ್ಟೇ. ಅಲ್ಲಿ ದೂರವಾಣಿ ಪುಸ್ತಕವೂ ಜನರ ಸ್ವಂತ ಹೆಸರಿನ ಅಕಾರಾದಿಯಲ್ಲಿ ಇರುತ್ತಿತ್ತು. ಬರ್ಮಾದಲ್ಲೂ ಅಡ್ಡಹೆಸರಿನ ಪದ್ಧತಿ ಇಲ್ಲ. ಆಂಗ್ ಸಾನ್ ಸೂ ಚಿ ಎಂಬ ಹೆಸರಿನಲ್ಲಿ ತಂದೆಯಿಂದ ಬಂದದ್ದು, ತಂದೆಯ ತಾಯಿಯಿಂದ ಬಂದದ್ದು, ತಾಯಿಯಿಂದ ಬಂದದ್ದು ಸೇರಿವೆ. ಅದನ್ನು ಮೂರು ಕಾಲಂಗಳಿಗೆ ಹಂಚಲು ಹೊರಟರೆ ಯಾವುದನ್ನು ಎಲ್ಲಿಗೆ ಹಾಕುತ್ತೀರಿ?

ನನಗೆ ಬಹಳ ಹಿಡಿಸಿದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ತುಳುನಾಡಿನಲ್ಲಿ ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುವ ರೂಢಿಯೊಂದಿತ್ತು. ಭಾನುವಾರ ಹುಟ್ಟಿದವನು ಐತ, ಸೋಮವಾರ ಚೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ಸಮುದ್ರದಾಚೆ ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಅಕಾನ್ ಜನ ಇದನ್ನೇ ಮಾಡುತ್ತಾರೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ, ಶನಿವಾರದ್ದು ಕ್ವಾಮೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ನಮ್ಮ ಕರಾವಳಿಯಲ್ಲಿ ಹುಟ್ಟಿದ್ದರೆ ತುಕ್ರ ಆಗುತ್ತಿದ್ದರು. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ನಮ್ಮ ತನಿಯ. ಅಲ್ಲಿ ಆ ಹೆಸರು ರಾಷ್ಟ್ರಪತಿಯ ಹೆಸರಾಗಿ ಗೌರವ ಪಡೆಯಿತು. ಇಲ್ಲಿ ತುಕ್ರ, ತನಿಯ ಎಂಬವು ಹೆಚ್ಚಾಗಿ ಇನ್ನೊಬ್ಬರ ಗದ್ದೆಯಲ್ಲಿ ದುಡಿಯುವವರ ಹೆಸರುಗಳಾಗಿ ಉಳಿದು, ಕರೆಯುವವರ ದನಿಯಲ್ಲೇ ತಾತ್ಸಾರ ಸೇರಿಕೊಂಡಿತು. ಅವರ ಮಕ್ಕಳು ಆ ಹೆಸರುಗಳನ್ನು ಬಿಟ್ಟು ಬೇರೆ ಇಟ್ಟುಕೊಂಡರೆ ಅದು ಅವರ ಹಕ್ಕು, ಅದಕ್ಕೆ ಪೂರ್ತಿ ಕಾರಣವೂ ಇದೆ. ಹೆಸರು ಉಳಿಯಬೇಕೋ ಬದಲಾಗಬೇಕೋ ಎಂಬುದನ್ನು ಹೆಸರು ಹೊತ್ತವರು ನಿರ್ಧರಿಸಬೇಕು. ಬರೆದುಕೊಳ್ಳುವವರು ನಿರ್ಧರಿಸಕೂಡದು. ನನ್ನ ತಕರಾರು ಇಷ್ಟೇ.

ಅಡ್ಡಹೆಸರಿನ ಪೇಚು ವಿದೇಶಕ್ಕೆ ಹೋಗುವವರಿಗೂ ತಗಲುತ್ತದೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಮಾತ್ರ ತುಂಬಿದ್ದರೆ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಅಂದರೆ ಹೆಸರು ತಿಳಿಯದು ಎಂದರ್ಥ. ಹೊರದೇಶದ ನಿಯಮವನ್ನು ನೀವು ಬದಲಿಸಲಾರಿರಿ, ಒಪ್ಪುತ್ತೇನೆ. ಆದರೆ ಊರು, ತಂದೆ, ತಾನು ಎಂಬುದನ್ನು ಇನಿಶಿಯಲ್ಲಿಗೆ ಕುಗ್ಗಿಸದೆ ಜನನ ಪ್ರಮಾಣಪತ್ರದಲ್ಲೇ ಬಿಡಿಸಿ ಬರೆದಿದ್ದರೆ ಆ ಹುಡುಗರು ಹೆಸರಿಲ್ಲದವರಾಗುತ್ತಿರಲಿಲ್ಲ.

ಈ ಮಾತನ್ನು ಈಗಲೇ ಏಕೆ ಎತ್ತುತ್ತಿದ್ದೇನೆ ಎಂಬುದಕ್ಕೆ ಕಾರಣವಿದೆ. 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮಕ್ಕೆ 2023ರಲ್ಲಿ ತಿದ್ದುಪಡಿಯಾಯಿತು. 2023ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ನೌಕರಿಗೆ, ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ನಮ್ಮ ಕಾಲದಲ್ಲಿ ಹೆಸರು ತಪ್ಪಾಗಲು ಹತ್ತು ಕಡೆ ಅವಕಾಶವಿತ್ತು, ಸರಿಯಾಗಲೂ ಹತ್ತು ಕಡೆ ಇತ್ತು. ಇನ್ನು ಮೊದಲ ಕಾಗದದಲ್ಲಿ ಬಿದ್ದ ತಪ್ಪು ಮಗುವಿನ ಬೆನ್ನಿಗೆ ಅಂಟಿಕೊಂಡೇ ಬೆಳೆಯುತ್ತದೆ.

ಹಾಗಾಗಿ ಮೊದಲ ವಿನಂತಿ ಹೆರಿಗೆ ವಾರ್ಡಿನಿಂದಲೇ ಶುರುವಾಗಲಿ. ಮಗು ಹುಟ್ಟಿದ ಎರಡನೆಯ ದಿನವೇ ಹೆಸರು ಹೇಳಿ ಎಂದು ಬಾಣಂತಿಯನ್ನು ಅವಸರಪಡಿಸಬೇಡಿ. ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಲು ಅದೇ ಅಧಿನಿಯಮದ 14ನೇ ಪ್ರಕರಣ ಅವಕಾಶ ಕೊಟ್ಟಿದೆ. ಇದನ್ನು ತಾಯಂದಿರಿಗೆ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ, ಸುತ್ತ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದು ಬಿದ್ದ ಮೇಲಷ್ಟೇ ಹೆಸರು ಹೆಸರಾಗುತ್ತದೆ. ಆಸ್ಪತ್ರೆಯಲ್ಲಿ ಗಾಬರಿಯಿಂದ ಹೇಳಿದ ಹೆಸರು ಒಂದು, ತೊಟ್ಟಿಲಿನಲ್ಲಿ ಇಟ್ಟದ್ದು ಇನ್ನೊಂದು ಆಗಿ ಪರದಾಡಿದ ಎಷ್ಟು ತಂದೆ-ತಾಯಿಯರು ನನ್ನ ಮೇಜಿನ ಮುಂದೆ ನಿಂತಿದ್ದರೋ ಲೆಕ್ಕವಿಲ್ಲ.

ಎರಡನೆಯದಾಗಿ, ಹೆಸರನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಆ ಕನ್ನಡ ರೂಪವೇ ಮೂಲವಾಗಿರಲಿ, ಇಂಗ್ಲಿಷ್ ರೂಪ ಅದರಿಂದ ಹುಟ್ಟಲಿ. ಇಂಗ್ಲಿಷಿನಿಂದ ಯಂತ್ರ ತಿರುಗಿಸಿ ಕೊಟ್ಟ ಕನ್ನಡವನ್ನು ಹಾಗೆಯೇ ಅಚ್ಚು ಹಾಕಬೇಡಿ. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಕಾಳವ್ವನಿಗೆ ಓದಲು ಬರುವುದಿಲ್ಲ, ಆದರೆ ತನ್ನ ಹೆಸರು ಕೇಳಿದರೆ ಗುರುತು ಹಿಡಿಯಲು ಬರುತ್ತದೆ. ಅರ್ಧ ನಿಮಿಷದ ಕೆಲಸ ಅದು. ಹಾಗೆ ಮಾಡಿದ್ದರೆ ಆಕೆಯ ನಾಲ್ಕು ತಿಂಗಳ ಹಣ ನಿಲ್ಲುತ್ತಿರಲಿಲ್ಲ.

ನಮೂನೆ ರೂಪಿಸುವವರಲ್ಲಿ ನನ್ನ ಬೇಡಿಕೆ, ಮೂರು ಕಾಲಂಗಳ ಬದಲು ‘ಪೂರ್ಣ ಹೆಸರು, ನೀವು ಹೇಳುವ ಕ್ರಮದಲ್ಲಿ’ ಎಂಬ ಒಂದೇ ಉದ್ದನೆಯ ಕಾಲಂ ಇರಲಿ. ಅದರಲ್ಲಿ ನಿಮ್ಮನ್ನು ಕರೆಯುವ ಹೆಸರು ಯಾವುದು ಎಂದು ಪಕ್ಕದಲ್ಲಿ ಕೇಳಿ. ಅಡ್ಡಹೆಸರಿನ ಜಾಗ ಬೇಕೇ ಬೇಕೆಂದರೆ ಇರಲಿ, ಖಾಲಿ ಬಿಟ್ಟರೂ ಅರ್ಜಿ ಮುಂದೆ ಹೋಗುವಂತೆ ಮಾಡಿ. ಪದ್ಧತಿ ಬದಲಿಸುವುದು ಆಗದ ಕೆಲಸ ಎನ್ನಬೇಡಿ. ನೆರೆಯ ಮಹಾರಾಷ್ಟ್ರ 2024ರಲ್ಲಿ ಒಂದು ತೀರ್ಮಾನದಿಂದಲೇ, ಆ ವರ್ಷದ ಮೇ 1ರಂದು ಮತ್ತು ಆಮೇಲೆ ಹುಟ್ಟಿದ ಮಕ್ಕಳ ಹೆಸರಿನ ಜೊತೆ ತಂದೆಯ ಹೆಸರಿಗಿಂತ ಮುಂಚೆ ತಾಯಿಯ ಹೆಸರು ಬರಬೇಕೆಂದು ಗೊತ್ತುಮಾಡಿತು. ಸರ್ಕಾರ ಮನಸ್ಸು ಮಾಡಿದರೆ ಕಾಲಂ ಬದಲಾಗುತ್ತದೆ.

ಕೊನೆಯದಾಗಿ ಖರ್ಚಿನ ಮಾತು. ಹಳೆಯ ದಾಖಲೆಯಲ್ಲಿ ಸರಿಯಾಗಿದ್ದ ಹೆಸರು ಹೊಸ ದಾಖಲೆಯಲ್ಲಿ ಕೆಟ್ಟಿದ್ದರೆ ಕೆಡಿಸಿದವರು ಬರೆದುಕೊಂಡವರೇ. ಅದನ್ನು ಸರಿಪಡಿಸಲು ಅಫಿಡವಿಟ್, ನೋಟರಿ, ಪತ್ರಿಕೆಯಲ್ಲಿ ಜಾಹೀರಾತು ಎಂದು ಕೂಲಿ ಮಾಡುವ ಹೆಂಗಸನ್ನು ಅಲೆದಾಡಿಸುವುದು ಬೇಡ. ಹಳೆಯ ಕಾಗದ ತೋರಿಸಿದರೆ ಗ್ರಾಮ ಪಂಚಾಯಿತಿಯಲ್ಲೇ, ಶುಲ್ಕವಿಲ್ಲದೆ ಸರಿಯಾಗಲಿ. ತಿದ್ದುಪಡಿ ಮುಗಿಯುವವರೆಗೆ ಪಿಂಚಣಿಯಾಗಲಿ ಪಡಿತರವಾಗಲಿ ನಿಲ್ಲದಿರಲಿ. ಒಂದು ಳಕಾರಕ್ಕಾಗಿ ಯಾರ ಒಲೆಯೂ ಆರಬಾರದು.

ಕಾಳವ್ವನಿಗೆ ಬರುವ ಸೋಮವಾರ ಮತ್ತೆ ಬರಲು ಹೇಳಿದ್ದಾರೆ. ಹೊಲದ ಹಳೆಯ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸಿದ್ಧವಾಗಿಟ್ಟುಕೊಂಡಿದ್ದಾಳೆ. ಆಕೆಯ ಜೊತೆ ನಾನೂ ಬರುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ
ಕೊಪ್ಪಳ ಜಿಲ್ಲೆ